ಜೋಕಾಲಿಯ ಸರಪಳಿ

ಕಬ್ಬು ಇಳಿಸಿ ಮರಳುವ ಖಾಲಿ ಟ್ರ್ಯಾಕ್ಟರಿನ ಹಿಂದೆ ಸರಪಳಿ ನೆಲಕ್ಕೆ ತಾಗಿ ಗಲಗಲ ಸದ್ದು ಮಾಡಿದರೆ ಈಗಲೂ ನನ್ನ ಕೈಯ ಕೆಲಸ ನಿಲ್ಲುತ್ತದೆ. ಕೌಜಲಗಿಯ ನಮ್ಮ ಮನೆಯ ಪಡಸಾಲೆ, ನಡುವೆ ನಾಲ್ಕು ಕಬ್ಬಿಣದ ಸರಪಳಿಗಳಲ್ಲಿ ತೂಗುವ ಸಾಗವಾನಿ ಜೋಕಾಲಿ, ಅದರ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತ ಆಯಿ, ಎಲ್ಲ ಕಣ್ಣೆದುರು ಬರುತ್ತದೆ. ಆಯಿ ನನ್ನ ಅಪ್ಪನ ತಾಯಿ. ಅವಳು ಮದುವೆಯಾಗಿ ಬಂದ ವರ್ಷ ಅವಳ ಗಂಡ, ನನ್ನ ಮುತ್ಯಾ, ಅವಳಿಗಾಗಿಯೇ ಆ ಜೋಕಾಲಿ ತೂಗುಹಾಕಿಸಿದ್ದನಂತೆ. ಮುತ್ಯಾ ಹೋದ ಮೇಲೆ ದಿನದ ಹೆಚ್ಚು ಹೊತ್ತು ಅವಳು ಅಲ್ಲೇ ಇರುತ್ತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ನಾನೂ.

ನಾನು ಚಿಕ್ಕವಳಿದ್ದಾಗ ಒಂದು ವರ್ಷ ಮಳೆ ಹಿಡಿದು ಎಂಟು ದಿನವಾಗಿತ್ತು. ಕಲ್ಲೋಳಿಯಲ್ಲಿದ್ದ ಆಯಿಯ ತಂಗಿ ಗಂಗವ್ವ ಹಾಸಿಗೆ ಹಿಡಿದಿದ್ದಾಳೆ, ಅಕ್ಕನನ್ನು ನೋಡಬೇಕೆಂದು ಹಂಬಲಿಸುತ್ತಿದ್ದಾಳೆ ಎಂಬ ಸುದ್ದಿ ಬಂತು. ಎರೆಮಣ್ಣಿನ ದಾರಿ, ಬಸ್ಸು ನಿಂತಿತ್ತು, ಎತ್ತಿನ ಗಾಡಿಗಳು ಅಚ್ಚಿನವರೆಗೆ ಹೂತಿದ್ದವು. ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದ ಕಾಕಾ, ಅಪ್ಪನ ತಮ್ಮ, ತನ್ನ ಹಳೆಯ ಜೀಪು ಹೊರತೆಗೆದ. ಊರು ದಾಟುವಷ್ಟರಲ್ಲೇ ಗಾಲಿ ಇದ್ದಲ್ಲೇ ತಿರುಗತೊಡಗಿತು. ಎತ್ತು ಕಟ್ಟಿ ಎಳೆಸಿಕೊಂಡು ಮನೆಗೆ ಬಂದ.

"ಬರ್ಫದ ಮ್ಯಾಲ ನಾವು ಗಾಲಿಗೆ ಸರಪಳಿ ಸುತ್ತಿ ಗಾಡಿ ಓಡಸ್ತಿದ್ವಿ ಯವ್ವಾ. ಇಲ್ಲಿ ಎಲ್ಲಿಂದ ತರ್ಲಿ?" ಎಂದ.

ಆಯಿ ತಲೆಯೆತ್ತಿ ನೋಡಿದಳು. "ಇವು ಸರಪಳಿ ಅಲ್ಲೇನು?"

"ತುಂಡು ಮಾಡಬೇಕಾಗತೈತಿ. ಮತ್ತ ಕೂಡಂಗಿಲ್ಲ."

"ಕಡಿಯಪಾ. ನನ್ನ ತಂಗಿ ಕರಿಯಾಕತ್ತಾಳ."

ಕಾಕಾ ಸರಪಳಿ ಕಡಿಯುವಾಗ ನಾನು ಹಲಗೆ ಹಿಡಿದುಕೊಂಡು ಅಳುತ್ತಿದ್ದೆ. ಆಯಿ ಬೈಯಲಿಲ್ಲ, ಸೆರಗಿನಿಂದ ನನ್ನ ಮೂಗು ಒರೆಸಿ, ಜೀಪಿನಲ್ಲಿ ತನ್ನ ಜೊತೆಗೇ ಕೂರಿಸಿಕೊಂಡಳು. ಕಾಕಾ ಹಿಂದಿನ ಗಾಲಿಗಳ ಗಾಳಿ ಇಳಿಸಿ, ತುಂಡುಗಳನ್ನು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಬಿಗಿದು, ಮತ್ತೆ ಪಂಪು ಹೊಡೆದ. ಗಾಳಿ ತುಂಬಿದಂತೆ ಸರಪಳಿ ರಬ್ಬರನ್ನು ಕಚ್ಚಿಕೊಂಡಿತು. ದಾರಿಯುದ್ದಕ್ಕೂ ಇಳಿದಿಳಿದು ಕುಡುಗೋಲಿನಿಂದ ಗಾಲಿಯ ಮಣ್ಣು ಕೆರೆದ. ಮುಂಜಾನೆ ಹೊರಟವರು ಕಲ್ಲೋಳಿ ಮುಟ್ಟಿದಾಗ ಇಳಿಹೊತ್ತು.

ಗಂಗವ್ವ ಕಣ್ಣು ತೆರೆದು, "ಇಂಥಾ ರಾಡಿಯಾಗ ಹೆಂಗ ಬಂದಿ ಅಕ್ಕಾ?" ಎಂದಳು.

"ಜೋಕಾಲಿ ಮ್ಯಾಲ ಕುಂತು ಬಂದೇನಿ," ಎಂದಳು ಆಯಿ. ಇಬ್ಬರೂ ನಕ್ಕರು. ನಗುತ್ತಲೇ ಆಯಿ ತಂಗಿಯ ಸಿಕ್ಕುಗಟ್ಟಿದ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ನೋಯದ ಹಾಗೆ ಬಾಚತೊಡಗಿದಳು. ನಾಲ್ಕು ದಿನ ಅವರಿಬ್ಬರೂ ತವರಿನ ಮಾತೇ ಆಡಿದರು: ಯಾವ ಎಮ್ಮೆ ಹಾಯುತ್ತಿತ್ತು, ಅವ್ವ ಯಾರಿಗೆ ಹೆಚ್ಚು ಬೆಣ್ಣೆ ಕೊಡುತ್ತಿದ್ದಳು. ಐದನೆಯ ದಿನ ಗಂಗವ್ವ ಹೋದಳು. ಅವಳ ಕೈ ಅಕ್ಕನ ಕೈಯಲ್ಲಿತ್ತು.

ಜೋಕಾಲಿ ಮತ್ತೆ ತೂಗಲಿಲ್ಲ. ಹಗ್ಗ ಕಟ್ಟಿಕೊಡಲೇ ಎಂದು ಕಾಕಾ ಎಷ್ಟೋ ಸಲ ಕೇಳಿದ, ಆಯಿ ಬೇಡವೆಂದಳು. ಈಗ ಆಯಿ ಇಲ್ಲ, ಕಾಕಾನೂ ಇಲ್ಲ. ಮನೆ ಪಾಲಾಗಿ ಪಡಸಾಲೆಯ ನಡುವೆ ಗೋಡೆ ಎದ್ದಿದೆ. ದಾರಿಗೆಲ್ಲ ಡಾಂಬರು ಬಿದ್ದಿದೆ. ನನ್ನ ತಂಗಿ ಹುಕ್ಕೇರಿಯಲ್ಲಿದ್ದಾಳೆ. ನಾನಿರುವ ಗೋಕಾಕದಿಂದ ಬಸ್ಸು ಹತ್ತಿದರೆ ಒಂದೂವರೆ ತಾಸು. ಮೊನ್ನೆ ಫೋನಿನಲ್ಲಿ, "ಯಾವಾಗ ಬರ್ತಿ ಅಕ್ಕಾ?" ಎಂದಳು.

"ಮಳಿ ನಿಲ್ಲಲಿ ತಡಿ," ಎಂದೆ.