ಕ್ಲಚ್ಚಿನ ಮೇಲೊಂದು ಟೈಲರ್ ಕಾಲು

ಹೊಲಿಗೆ ಮಿಷನ್ನು ತುಳಿದೇ ಬದುಕಿದವನಿಗೆ, ಕಾಲಿನ ವಿದ್ಯೆಯಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬ ಅಹಂಕಾರ ತಾನಾಗಿ ಬರುತ್ತದೆ. ಹೊನ್ನಾವರದ ನನ್ನ ಅಂಗಡಿಯಲ್ಲಿ ಭಟ್ಕಳದ ಮದುಮಕ್ಕಳ ಶೇರ್ವಾನಿ ಹೊಲಿದೂ ಹೊಲಿದೂ, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಒಂದು ಹಳೆಯ ಕಾರು ಕೊಂಡೆ. ಓಡಿಸಲು ಕಲಿತ ಮರುದಿನವೇ ಗುರುವೂ ಆಗಿಬಿಟ್ಟೆ. ಅರೆಬರೆ ವಿದ್ಯೆಗೆ ಶಿಷ್ಯರು ಮನೆಯಲ್ಲೇ ಸಿಗುತ್ತಾರಲ್ಲ, ನನಗೆ ಸಿಕ್ಕಿದವಳು ಹೆಂಡತಿ ಸುಮತಿ.

ಸುಮತಿ ಭಟ್ಕಳದ ಕಡೆಯ ಶಾಲೆಯೊಂದರಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಮೀನುಬುಟ್ಟಿಗಳ ನಡುವೆ ನಿಂತು ಹೋಗಿ ಬಂದು ಅವಳಿಗೆ ಸಾಕಾಗಿತ್ತು. ಕಾರು ಕಲಿತು ತಾನೇ ಶಾಲೆಗೆ ಹೋಗಬೇಕು. ಬಂಗಾರ, ಸೀರೆ ಯಾವುದನ್ನೂ ಬಾಯಿಬಿಟ್ಟು ಕೇಳದವಳ ಆಸೆ ಇದೊಂದೇ.

ಆದರೆ ಅವಳು ಕೂತರೆ ಗೇರು ಕರಕರ ಅನ್ನುತ್ತಿತ್ತು. ಗೇರು ಹಾಕಿ ಕ್ಲಚ್ ಒತ್ತಿ ನಿಂತಿದ್ದರೂ ಕಾರು ಮೆಲ್ಲಗೆ ಮುಂದೆ ಜಾರುತ್ತಿತ್ತು. ನಾನು ಕೂತರೆ ಎಂಥದೂ ಇಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ನಾನು ಉಪನ್ಯಾಸ ಶುರುಮಾಡಿದೆ. ಹಳೆಯ ಗಾಡಿಗಳ ಕ್ಲಚ್ಚಿಗೆ ಕೇಬಲ್ಲು, ನಮ್ಮದಕ್ಕೆ ಎಣ್ಣೆ. ಇಲ್ಲಿ ಒತ್ತಿದ ಎಣ್ಣೆ ಕೊಳವೆಯಲ್ಲಿ ಓಡಿ ಅಲ್ಲಿ ಕ್ಲಚ್ಚನ್ನು ತಳ್ಳುತ್ತದೆ, ಸೊಸೆಯ ಮಾತು ಅತ್ತೆಯ ಮೂಲಕ ಮಾವನಿಗೆ ಮುಟ್ಟಿದ ಹಾಗೆ. ಡಬ್ಬಿಯ ಎಣ್ಣೆ ಇಳಿದಿಲ್ಲ, ಎಲ್ಲೂ ಸೋರಿಲ್ಲ, ಆದ್ದರಿಂದ ದೋಷ ಕಾಲಿನದೇ ಎಂದು ತೀರ್ಪು ಕೊಟ್ಟೆ. "ಒಂಚೂರು ತೆಂಗಿನೆಣ್ಣೆ ಬಿಡೋ," ಎಂದಳು ಅಮ್ಮ. ನಮ್ಮ ಕಡೆ ತಲೆನೋವಿನಿಂದ ಬಾಗಿಲ ತಿರುಗಣಿಯವರೆಗೆ ಎಲ್ಲದಕ್ಕೂ ಅದೇ ಮದ್ದು. ಬಿಡಲಿಲ್ಲ, ಪುಣ್ಯ, ಬಿಟ್ಟಿದ್ದರೆ ಒಳಗಿನ ರಬ್ಬರೆಲ್ಲ ಉಬ್ಬಿ ಕೂರುತ್ತಿತ್ತು.

ಒಂದು ಭಾನುವಾರ ಕುಮಟೆಯ ಕಡೆ ಹೊರಟೆವು. ಕರ್ಕಿಯ ಹತ್ತಿರ ಮೀನಿನ ಲಾರಿಯೊಂದು ಅಡ್ಡ ನಿಂತಿತ್ತು. ಸುಮತಿ ಗೇರಿನಲ್ಲೇ ಕ್ಲಚ್ ಒತ್ತಿ ಕಾದಳು. ಸ್ವಲ್ಪ ಹೊತ್ತಿಗೆ ಕಾರು ಲಾರಿಯ ಬೆನ್ನಿನತ್ತ ಹೊರಟಿತು. ನಾನು ಹ್ಯಾಂಡ್‌ಬ್ರೇಕ್ ಎಳೆದು, "ಎಂತಕ್ಕೆ ಕಾಲು ಎತ್ತಿದ್ದು?" ಎಂದು ಬೊಬ್ಬೆ ಹೊಡೆದೆ.

ಅವಳ ಕಣ್ಣಲ್ಲಿ ನೀರು. "ಎತ್ತಲಿಲ್ಲ ನಾನು. ಬಗ್ಗಿ ನೋಡಿ ಬೇಕಾದ್ರೆ. ಆತು, ಇನ್ನು ಬಸ್ಸೇ ಸಾಕು ನಂಗೆ."

ಬಗ್ಗಿ ನೋಡಿದೆ. ಪೆಡಲು ನೆಲಕ್ಕೆ ಅಂಟಿತ್ತು, ಅದರ ಮೇಲೆ ಅವಳ ಚಪ್ಪಲಿ. ಒಂದಿಷ್ಟೂ ಎದ್ದಿರಲಿಲ್ಲ.

ಜಾಗ ಬದಲಿಸಿ ನಾನು ಕೂತು, ಗೇರು ಹಾಕಿ, ಕ್ಲಚ್ ಒತ್ತಿ ಹ್ಯಾಂಡ್‌ಬ್ರೇಕ್ ಬಿಟ್ಟೆ. ಕಾರು ಜಾರಲಿಲ್ಲ! ಗೆದ್ದೆ ಎಂದು ಕಾಲಿನತ್ತ ನೋಡುತ್ತೇನೆ, ಅದು ತನ್ನಷ್ಟಕ್ಕೆ ಟಕಟಕ ತುಳಿಯುತ್ತಿದೆ. ಮಿಷನ್ನು ತುಳಿದ ಕಾಲು, ಪೆಡಲು ಕಂಡಲ್ಲಿ ಸುಮ್ಮನಿರುವುದು ಅದಕ್ಕೆ ಗೊತ್ತೇ ಇಲ್ಲ. ಕಷ್ಟಪಟ್ಟು ಅದನ್ನು ಸುಮ್ಮನೆ ಒತ್ತಿ ಹಿಡಿದೆ. ಕಾರು ನನ್ನನ್ನೂ ಲಾರಿಯತ್ತ ಕರೆದೊಯ್ಯತೊಡಗಿತು. ಎಣ್ಣೆ ತಳ್ಳುವ ಸಿಲಿಂಡರಿನೊಳಗಿನ ರಬ್ಬರು ಸವೆದು, ಒತ್ತಿದ ಎಣ್ಣೆ ಒಳಗೊಳಗೇ ಹಿಂದಕ್ಕೆ ನುಸುಳುತ್ತಿತ್ತು. ಹೊರಗೆ ಸೋರುವುದು ಎಲ್ಲಿಂದ? ನಾನು ಅರಿವಿಲ್ಲದೆ ಮತ್ತೆ ಮತ್ತೆ ತುಳಿದು, ಎಣ್ಣೆಯನ್ನು ಪಂಪು ಹೊಡೆದು ಕಾಯಿಲೆಯನ್ನು ಮುಚ್ಚಿಟ್ಟಿದ್ದೆ. ಸರಿಯಾಗಿ ಒತ್ತುವವಳು ತಪ್ಪಿತಸ್ಥೆಯಾಗಿದ್ದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಹೇಳಿದೆ ಕೂಡ. "ಹ್ಞೂಂ," ಎಂದಳು, ಅಷ್ಟೇ.

ಹಾಗೇ ತುಳಿಯುತ್ತ ಕುಮಟೆಯ ಗ್ಯಾರೇಜು ಮುಟ್ಟಿಸಿದೆ. ರಬ್ಬರು ಬದಲಾಯಿತು. ಕೊಳವೆಯ ಗಾಳಿ ತೆಗೆಯಲು ಒಬ್ಬರು ಪೆಡಲು ಒತ್ತಿ ಅಲುಗಾಡದೆ ಹಿಡಿಯಬೇಕಂತೆ. ನಾನು ಮುಂದೆ ಬಂದೆ. ಸುಮತಿ ಬಾಗಿಲು ತೆಗೆದು ತಾನೇ ಕೂತಳು.

ಸುಮತಿ ಕಲಿತಳು, ಲೈಸೆನ್ಸೂ ಬಂತು. ಒಂದು ದಿನ ಭಟ್ಕಳದಲ್ಲಿ ಮದುಮಗನೊಬ್ಬನ ಅಳತೆ ತೆಗೆಯಬೇಕಿತ್ತು. ಕಾರಿನಲ್ಲಿ ಬರಲೇ ಎಂದರೆ, "ಟೀಚರ್‌ಗಳೇ ತುಂಬಿದಾರೆ, ನೀವು ಬಸ್ಸಿಗೆ ಬನ್ನಿ," ಎಂದು ಹೊರಟೇಬಿಟ್ಟಳು. ಶರಾವತಿ ಸೇತುವೆಯ ಮೇಲೆ ವಾಹನಗಳ ಸಾಲು ನಿಂತಿತ್ತು. ಬಸ್ಸಿನಲ್ಲಿ ಬುಟ್ಟಿಗಳ ನಡುವೆ ನಿಂತು ಬಗ್ಗಿ ನೋಡಿದರೆ ಪಕ್ಕದಲ್ಲೇ ನಮ್ಮ ಕಾರು, ಒಳಗೆ ನಗು. ಸಾಲು ಕದಲಿದಾಗ ಅದು ಗೇರಿನ ಸದ್ದೇ ಇಲ್ಲದೆ ಮುಂದೆ ಸಾಗಿತು. "ನನ್ನ ಹೆಂಡ್ತಿ," ಎಂದೆ ಪಕ್ಕದವರಿಗೆ, ತಡೆಯಲಾರದೆ.

"ಕಾರು ಭಾರೀ ಲಾಯ್ಕ ಬಿಡ್ತಾರಲ್ಲ! ಯಾರು ಕಲಿಸಿದ್ದು?" ಎಂದರು ಅವರು.

ನಾನು ಟಿಕೆಟ್ಟಿಗೆ ಚಿಲ್ಲರೆ ಹುಡುಕತೊಡಗಿದೆ.