ಗೌರಾಬಾಯಿಯ ಎಡಭುಜ

ಇಜೇರಿಯ ಗೌರಾಬಾಯಿ ಅರವತ್ತನೆಯ ವಯಸ್ಸಿನಲ್ಲಿ ಭುಜದ ಕೀಲು ಬದಲಿಸಿಕೊಂಡದ್ದು ಹೊಲದ ಕೆಲಸಕ್ಕಲ್ಲ, ಲಿಂಗಪೂಜೆಗೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಬೇಕು. ಆ ಕೈ ಎದೆ ದಾಟುತ್ತಿರಲಿಲ್ಲ. ಕಲಬುರಗಿಯ ವೈದ್ಯರು ತೋಳಿನ ಮೇಲ್ತುದಿಯಿಂದ ಕೊಯ್ದ ಅವಳದೇ ಎಲುಬಿನ ತುಂಡನ್ನು ಸವೆದುಹೋದ ಭುಜದ ಗುಳಿಗೆ ತುಂಬಿ, ತಿರುಪು ಬಿಗಿದು, ಅದರ ಮೇಲೆ ಲೋಹದ ಕೀಲು ಕೂರಿಸಿದರು. ತಗ್ಗಿಗೆ ಗರಸು ತುಂಬಿ ಒರಳು ಕೂರಿಸಿದ ಹಾಗೆ.

ಹನ್ನೊಂದು ವರ್ಷ ಕೈ ಹೇಳಿದ ಮಾತು ಕೇಳಿತು. ಈ ಸಲ ತೊಗರಿ ರಾಶಿಯ ಹೊತ್ತಿಗೆ ಮತ್ತೆ ನೋಯತೊಡಗಿತು. ತುಂಬಿದ ಎಲುಬು ಕರಗಿದರೆ ಇನ್ನೊಮ್ಮೆ ಕೊಯ್ಯಬೇಕಾದೀತೆಂದು ವೈದ್ಯರು ಮೊದಲೇ ಹೇಳಿದ್ದರು. ಎಪ್ಪತ್ತೊಂದರಲ್ಲಿ ಮೈ ಅದನ್ನು ತಡೆದೀತೇ ಎಂಬ ಅಂಜಿಕೆಯಲ್ಲೇ ಸೊಸೆ ಶೈಲಶ್ರೀಯೊಡನೆ ಕಲಬುರಗಿಯ ಬಸ್ಸು ಹತ್ತಿದಳು.

ಎಕ್ಸ್‌ರೇ ತೆಗೆಯುವ ಲಾಡ್ಲೆಸಾಬ ಕೇಳಿದ: "ಅಮ್ಮಾ, ಬೆಳ್ಳಿ, ಬಂಗಾರ ಏನರ ಮೈಮ್ಯಾಲ ಅದ ಏನ್ರಿ?"

"ಏನೂ ಇಲ್ಲೋ ಯಪ್ಪಾ, ಎಲ್ಲಾ ಸೊಸಿ ಕೈಯಾಗ ಕೊಟ್ಟೇನಿ."

ಲಿಂಗವನ್ನು ಮೈಯಿಂದ ಬಿಡಿಸುವುದು ಮಾತ್ರ ಅವಳಿಂದಾಗದ ಮಾತು. ಅದರ ಬೆಳ್ಳಿಯ ಕರಡಿಗೆಯನ್ನು ದಾರಸಮೇತ ಎಡಹೆಗಲ ಮೇಲಿಂದ ಬೆನ್ನಿಗೆ ಜಾರಿಸಿದ್ದಳು. ಮುಂದಿನಿಂದ ತೆಗೆದ ಫೋಟೊದಲ್ಲಿ ಬೆನ್ನು ಬೀಳುವುದಿಲ್ಲವೆಂದು ಅವಳ ನಂಬಿಕೆ.

ಡಾಕ್ಟರ್ ಮೈತ್ರಿ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಎಲುಬು ತುಂಬಿದ ಜಾಗವನ್ನೇ ಮುಚ್ಚಿ ಒಂದು ಬಿಳಿ ಉಂಡೆ ಕೂತಿತ್ತು.

"ಅಮ್ಮಾ, ಇದು ನಾವು ಹಾಕಿದ್ದಲ್ರಿ."

ಗೌರಾಬಾಯಿಯ ಮುಖ ಕಪ್ಪಿಟ್ಟಿತು. ಆಮೇಲೆ ಬಲಗೈ ಮೆಲ್ಲಗೆ ಬೆನ್ನಿಗೆ ಹೋಯಿತು.

"ಅತ್ತಿ! ಬೆನ್ನಾಗ ಮುಚ್ಚಿಟ್ಟೀರೇನ್ರಿ?" ಶೈಲಶ್ರೀ ಹಣೆ ಬಡಿದುಕೊಂಡಳು. "ಎಕ್ಸ್‌ರೇಗೆ ಹಿಂದೇನು, ಮುಂದೇನು?"

"ಸುಮ್ನಿರಬೇ. ನಾ ಏನು ಡಾಕ್ಟರಕಿ ಕಲ್ತಾಕಿ ಏನು?"

ಮೈತ್ರಿ ನಕ್ಕುಬಿಟ್ಟರು. "ತಗೀಬ್ಯಾಡ್ರಿ. ದಾರ ಕೊರಳಾಗೇ ಇರಲಿ. ಬಲಗೈ ಮುಷ್ಟಿಯಾಗ ಹಿಡಕೊಂಡು ಬಲಕ್ಕ ಸರಸ್ರಿ."

ಎರಡನೆಯ ಚಿತ್ರದಲ್ಲಿ ಎಲುಬು ಕಂಡಿತು. ಒಂದು ಅಂಚು ತೆಳುವಾಗಿತ್ತು. ಉಳಿದದ್ದು ಹಳೆಯ ಎಲುಬಿನೊಂದಿಗೆ ಬೆರೆತು, ಎಲ್ಲಿ ಕೂಡಿತೆಂದೇ ತಿಳಿಯದಂತಿತ್ತು. ತಿರುಪು ಅಲುಗಿರಲಿಲ್ಲ.

"ಕೊಯ್ಯೂದು ಬ್ಯಾಡ್ರಿ. ವರ್ಷಕ್ಕೊಮ್ಮಿ ಬಂದು ತೋರಸ್ರಿ. ತೊಗರಿ ಚೀಲಕ್ಕ ಕೈ ಹಚ್ಚಬ್ಯಾಡ್ರಿ."

"ಲಿಂಗ ಎತ್ತಲೇನ್ರಿ ಬಾಯಿ?"

"ನೋವು ಬರೂತನಕ ಎತ್ರಿ. ಬಂತಂದ್ರ ಅಲ್ಲೇ ನಿಲ್ಲಸ್ರಿ."

ಮರುದಿನ ಸ್ನಾನ ಮಾಡಿ ಪೂಜೆಗೆ ಕೂತಳು. ಅಂಗೈ ಗದ್ದದ ಮಟ್ಟಕ್ಕೆ ಬಂದಾಗ ಭುಜ ನೋಯಿತು. ಅಲ್ಲಿಗೇ ನಿಲ್ಲಿಸಿ, ಎಡ ಮೊಣಕೈ ಕೆಳಗೆ ಬಲಗೈ ಆಸರೆ ಕೊಟ್ಟು, ತಲೆ ಬಾಗಿಸಿ ನೋಡುತ್ತ ಕೂತಳು. ಶೈಲಶ್ರೀ ಚಹಾಕ್ಕೆ ಎರಡು ಸಲ ಕರೆದರೂ ಏಳಲಿಲ್ಲ.