ಹಸಿರು ಬೋರ್ಡಿನ ಕೆಳಗೆ ಹ್ಞೂಂ ಅಂದದ್ದು

ಸಿಂಗಪುರದಲ್ಲಿ ತಂಗಿ ಕೊಡಿಸಿದ ಕಿವಿಯ ಮೆಷಿನ್ನು ಒಂದೊಂದೂ ಹಿದುಕಿದ ಅವರೆಕಾಳಿನಷ್ಟಿತ್ತು. ಹೊರಡುವ ದಿನ ಅವಳೇ ಎರಡನ್ನೂ ನನ್ನ ಕಿವಿಗೆ ಸಿಕ್ಕಿಸಿ, "ಕಸ್ಟಮ್ಸ್‌ನವ್ರು ಕೇಳಿದ್ರೆ ಹಳೇದು ಅನ್ನು ಕಣೇ. ಡಬ್ಬಿ ಇಲ್ಲೇ ಬಿಸಾಕ್ತೀನಿ" ಎಂದಳು. ಯಜಮಾನರಿಗೆ ಇನ್ನೂ ತಿಳಿಸಿರಲಿಲ್ಲ.

ಆರು ವರ್ಷದಿಂದ ನನ್ನ ಕಿವಿ ಮಂದ. ಗೋವಿಂದರಾಜನಗರದ ಮನೆಯಲ್ಲಿ ಕುಕ್ಕರಿನ ಕೂಗನ್ನು ಹಬೆ ನೋಡಿ ಎಣಿಸುತ್ತಿದ್ದೆ. ಯಜಮಾನರು ಮಾತಾಡಿದಾಗ "ಏನಂದ್ರಿ?" ಎಂದರೆ, "ಏನಿಲ್ಲ ಬಿಡು" ಎಂದು ಕೈಯಾಡಿಸುತ್ತಿದ್ದರು. ಪಾಪ, ಎಷ್ಟು ಸಲ ಹೇಳಿಯಾರು? ಕೊನೆಗೆ ನಾನೂ ಕೇಳುವುದು ಬಿಟ್ಟು, ಯಾರೇನಂದರೂ ನಕ್ಕು "ಹ್ಞೂಂ" ಅನ್ನುವುದನ್ನು ರೂಢಿ ಮಾಡಿಕೊಂಡೆ. ಹಾಗೆ ಹ್ಞೂಂಗುಟ್ಟಿ ಒಮ್ಮೆ ಗಾಡಿಯವನಿಂದ ನಾಲ್ಕು ಕೆಜಿ ಮೂಲಂಗಿ ಕೊಂಡಿದ್ದೂ ಇದೆ. ಈ ಮೆಷಿನ್ನು ಕೈತಪ್ಪಿದರೆ ಮತ್ತೆ ಆ ಮೌನಕ್ಕೇ ಹೋಗಬೇಕಿತ್ತು.

ವಿಮಾನ ಇಳಿದ ಬೆಳಿಗ್ಗೆ, ಮುಳುಗಿದ್ದ ಲೋಕ ನೀರಿನಿಂದ ಮೇಲೆದ್ದು ಬಂದಂತಿತ್ತು. ಟ್ರಾಲಿ ಚಕ್ರದ ಕಿರ್ರು, ಮುಂದಿನವಳ ಬಳೆ, ನನ್ನದೇ ಸೀರೆಯ ಸರಸರ. ಇಷ್ಟು ದಿನ ಇವೆಲ್ಲ ಎಲ್ಲಿದ್ದವು? ಕೇಳುತ್ತ ಕೇಳುತ್ತ, ಸುಂಕದ ಸಾಮಾನಿಲ್ಲದವರು ಹೋಗುವ ಹಸಿರು ಬೋರ್ಡಿನ ದಾರಿಗೆ ತೇಲಿಬಂದಿದ್ದೆ.

"ಅಮ್ಮ, ಹೊಸ ಎಲೆಕ್ಟ್ರಾನಿಕ್ಸ್ ಏನಾದ್ರೂ ಇದೆಯಾ?"

ಅಧಿಕಾರಿಯ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂದು ಕಿವಿಯಲ್ಲಿ ಕೂತಿತು. ಆ ಖುಷಿಗೆ ನಗುತ್ತ "ಹ್ಞೂಂ" ಅಂದುಬಿಟ್ಟೆ.

ಪೆಟ್ಟಿಗೆ ಮೇಜಿಗೇರಿತು. ಸೀರೆ, ಚಾಕೊಲೇಟು, ಚಟ್ನಿಪುಡಿಯ ಖಾಲಿ ಡಬ್ಬ.

"ಎಲ್ಲಿದೆಯಮ್ಮ?"

ತಂಗಿ ಕಲಿಸಿದ ಮಾತು ನಾಲಿಗೆಗೆ ಬರಲಿಲ್ಲ. "ಕಿವೀಲಿದೆ ಸಾರ್. ಹೊಸದೇ. ದಯವಿಟ್ಟು ತಗೊಂಡ್ಬಿಡ್ಬೇಡಿ."

ಅವರು ಬಗ್ಗಿ ನೋಡಿ ನಕ್ಕರು. "ಅಯ್ಯೋ, ನೀವು ಹಾಕ್ಕೊಂಡಿರೋದಾ! ಅದಕ್ಕೇನಿಲ್ಲ, ಹೋಗ್ಬನ್ನಿ." ಆಚೆ ತಿರುಗಿ ಜೊತೆಯವನಿಗೆ ಪಿಸುಗುಟ್ಟಿದರು: "ನಮ್ಮತ್ತೆಗೂ ಒಂದು ಕೊಡಿಸ್ಬೇಕು ಕಣೋ. ಆದ್ರೆ ಆಮೇಲೆ ಮನೇಲಿ ಬಾಯ್ಬಿಡೋ ಹಂಗಿರಲ್ಲ." ಅದೂ ಕೇಳಿಸಿತು.

ಹೊರಗೆ ಯಜಮಾನರು ನಿಂತಿದ್ದರು. ಪೆಟ್ಟಿಗೆ ಎತ್ತುತ್ತ, ನನಗೆ ಕೇಳಿಸದೆಂಬ ಧೈರ್ಯದಲ್ಲಿ, "ಕಲ್ಲು ತುಂಬ್ಕೊಂಡ್ ಬಂದಿದಾಳೆ" ಎಂದು ಗೊಣಗಿದರು.

"ಕಲ್ಲಲ್ಲ ರೀ, ಚಾಕೊಲೇಟು."

ಪೆಟ್ಟಿಗೆ ಅರ್ಧಕ್ಕೇ ನಿಂತಿತು. ನನ್ನ ಕಿವಿ ನೋಡಿದರು, ಮುಖ ನೋಡಿದರು. ಟ್ಯಾಕ್ಸಿಯಲ್ಲಿ ಕೂತ ಮೇಲೆ ಮೆಲ್ಲಗೆ, ಪರೀಕ್ಷೆ ಮಾಡುವವರಂತೆ, "ಪಕ್ಕದ ಮನೆಯವ್ರು ಖಾಲಿ ಮಾಡಿದ್ರು" ಎಂದರು. ಆಮೇಲೆ ಮೋಟರು ಕೆಟ್ಟಿದ್ದು, ತಮಗೆ ಮಂಡಿನೋವು ಶುರುವಾಗಿದ್ದು, ಎಂದೋ ಹೇಳಬೇಕೆಂದು ಬಿಟ್ಟಿದ್ದು. ಮಾಗಡಿ ರಸ್ತೆ ಬಂದರೂ ಮಾತು ಮುಗಿದಿರಲಿಲ್ಲ. ಅವರ ತುಟಿ ನೋಡುತ್ತ ಕೂರಬೇಕಿರಲಿಲ್ಲ; ನಾನು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದೆ.